ಕಪ್-ಬಸಿ ಸದ್ದಾಗದಂತೆ

ನನ್ನ ಚಿಗವ್ವಾ,

ನಿನಗೆ ಓದಲು ಬರುತ್ತಿರಲಿಲ್ಲ. ಇಂಡಿ ತಾಲೂಕಿನ ನಿನ್ನ ತವರಿನಿಂದ ಅಣ್ಣನ ಕಾಗದ ಬಂದರೆ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಲ್ಯಾಬಿನ ಹೊರಗಿನ ಮೆಟ್ಟಿಲ ಮೇಲೆ ನನಗಾಗಿ ಕಾಯುತ್ತಿದ್ದೆ. ನಾನೋ ಇಂಗ್ಲಿಷ್ ಶಾಲೆಯಲ್ಲಿ ಕಲಿತವಳು, ಕನ್ನಡವನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತಿದ್ದವಳು. "ಏನವಾ, ಅಷ್ಟ ದಪ್ಪ ದಪ್ಪ ಪುಸ್ತಕ ಓದ್ತಿ, ನಮ್ಮಣ್ಣನ ಒಂದು ಕಾಗದಕ್ಕ ಹೊತ್ತ ಮುಳುಗಿಸ್ತಿ!" ಎಂದು ನೀನು ನಗುತ್ತಿದ್ದೆ. ನಿನ್ನಣ್ಣನ ಎಮ್ಮೆ, ಬಾವಿ, ಮಗಳ ಮದುವೆಯ ಮಾತುಕತೆಗಳನ್ನು ಓದಿ ಓದಿಯೇ ನನ್ನ ಕನ್ನಡ ಇಷ್ಟು ಸರಾಗವಾದದ್ದು. ಹಾಗಾಗಿ ಈ ಕಾಗದವನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ, ಗಟ್ಟಿಯಾಗಿ ಓದಿದರೆ ನಿನಗೆ ಕೇಳಬೇಕು ಎನ್ನುವ ಹಾಗೆ.

ನಾನು ಮೊದಲ ದಿನ ಪುಣೆಯ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದ ಬಾಗಿಲಲ್ಲಿ ನಿಂತಿದ್ದಾಗ ನೀನು ನನ್ನನ್ನು ಮರಾಠಿಯಲ್ಲಿ ವಿಚಾರಿಸಿದೆ. ನನ್ನ ಹೆಸರು ಕೇಳಿ, ಅಡ್ಡಹೆಸರು ಕೇಳಿ, ಕನ್ನಡಕ್ಕೆ ಹೊರಳಿ, "ಯಾವೂರವಾ ನಿಮ್ದು?" ಎಂದೆ. ಬಾಗಲಕೋಟೆಯಿಂದ ಬ್ಯಾಂಕಿನ ಗುಮಾಸ್ತರಾಗಿ ಪುಣೆಗೆ ಬಂದ ಅಪ್ಪನ ಊರನ್ನೇ ನನ್ನ ಊರು ಎಂದು ಹೇಳಿದೆ. ಇಡೀ ವಿಭಾಗ ನಿನ್ನನ್ನು ಮಾವಶಿ ಎಂದು ಕರೆಯುತ್ತಿತ್ತು. ಅಂದರೆ ತಾಯಿಯ ತಂಗಿ. ಮನೆಯಲ್ಲಿ ನಾವು ಚಿಗವ್ವ ಅನ್ನುತ್ತೇವಲ್ಲ, ನಾನು ಹಾಗೇ ಕರೆದೆ. ನಿನ್ನ ಗಂಡ ಅದೇ ವಿಭಾಗದಲ್ಲಿ ಜವಾನನಾಗಿದ್ದು ತೀರಿಕೊಂಡ ಮೇಲೆ ಅವನ ಜಾಗದಲ್ಲಿ ನಿನಗೆ ಕೆಲಸ ಕೊಟ್ಟಿದ್ದರು. ನಾನು ಮೂವತ್ತು ದಾಟಿದ ಮೇಲೆ, ಕಾಲೇಜಿನಲ್ಲಿ ಪಾಠ ಹೇಳುವುದನ್ನು ಬಿಟ್ಟು ಸಂಶೋಧನೆಗೆ ಬಂದವಳು. ಇಬ್ಬರಿಗೂ ಅಲ್ಲಿ ನಮ್ಮ ಜಾಗ ಗಟ್ಟಿಯೋ ಇಲ್ಲವೋ ಎನ್ನುವ ಸಣ್ಣ ಅಳುಕು ಇತ್ತು ಅನ್ನಿಸುತ್ತದೆ. ನಿನಗಿತ್ತೇ? ನಾನು ಕೇಳಿದ್ದಿಲ್ಲ.

ಗುರುವಾರದ ನಾಲ್ಕು ಗಂಟೆ ನೆನಪಾದರೆ ನನಗೆ ಮೊದಲು ಬರುವುದು ಪರದೆ ಎಳೆಯುವ ಸದ್ದು. ತೊಂಬತ್ತರ ದಶಕದ ಕೊನೆಯ ವರ್ಷಗಳು. ಪ್ರತಿ ಗುರುವಾರ ಯಾರಾದರೊಬ್ಬರು ಬಂದು ತಮ್ಮ ಸಂಶೋಧನೆಯ ಬಗ್ಗೆ ಮಾತನಾಡುತ್ತಿದ್ದರು: ಯಂತ್ರದ ಕೈಗಳು, ದಾರಿ ಹುಡುಕುವ ಗಾಡಿಗಳು, ನೂರು ಕಂಪ್ಯೂಟರುಗಳನ್ನು ಜೋಡಿಸಿ ಒಂದೇ ದೊಡ್ಡ ಲೆಕ್ಕ ಮಾಡಿಸುವುದು. ಪಾರದರ್ಶಕ ಹಾಳೆಗಳನ್ನು ದೀಪದ ಪೆಟ್ಟಿಗೆಯ ಮೇಲಿಟ್ಟು ಗೋಡೆಯ ಮೇಲೆ ತೋರಿಸುತ್ತಿದ್ದ ಕಾಲ. ಅಕ್ಷರ ಕಾಣಬೇಕೆಂದರೆ ಕೋಣೆ ಕತ್ತಲಾಗಲೇಬೇಕು. ಪ್ರಶ್ನೆಗಳು ಶುರುವಾಗುವ ಮುನ್ನ ಎಲ್ಲರ ಮುಂದೆ ಚಹಾ ಇರಬೇಕು ಎನ್ನುವುದು ನನ್ನ ಗೈಡ್ ಆಗಿದ್ದ ಸರ್ ಅವರ ನಿಯಮ. ಹಾಗಾಗಿ ಮಾತು ನಡೆಯುತ್ತಿರುವಾಗಲೇ, ಆ ಕತ್ತಲಲ್ಲೇ, ನೀನು ಮೂವತ್ತು ಕಪ್-ಬಸಿ ಇಟ್ಟು ಹೋಗುತ್ತಿದ್ದೆ. ಕಪ್ಪಿನಡಿಯ ಆ ಬಸಿ ಒಮ್ಮೆಯಾದರೂ ಕಿಣಿ ಅಂದದ್ದನ್ನು ನಾನು ಕೇಳಲಿಲ್ಲ. ಗೋಡೆಯ ಕಡೆ ನೋಡುತ್ತಿದ್ದವರು ಕಣ್ಣು ತಗ್ಗಿಸಿದರೆ ಮುಂದೆ ಚಹಾ ಇರುತ್ತಿತ್ತು, ಅಷ್ಟೇ.

ಒಂದು ಗುರುವಾರ ನಾನು ತೊಳೆಯುವ ಜಾಗಕ್ಕೆ ಬಂದಾಗ ನೀನು ಕಪ್‌ಗಳನ್ನು ಎರಡು ಗುಂಪು ಮಾಡಿ ಇಟ್ಟಿದ್ದೆ. "ಇವು ಕುಡದದ್ದು, ಇವು ತಣ್ಣಗಾದದ್ದು" ಎಂದೆ. ಅದು ನಿನ್ನ ಪರೀಕ್ಷೆಯ ಪದ್ಧತಿ. ಮಾತು ಬೇಸರವಾದರೆ ಜನ ಚಹಾ ಬೇಗ ಕುಡಿದು ಮುಗಿಸುತ್ತಾರೆ. ಮಾತು ಹಿಡಿದರೆ ಕಪ್ ಮರೆತುಹೋಗುತ್ತದೆ. "ಇವತ್ತಿನವ ನಾಕ ಕಪ್ ಅಷ್ಟ ತಣ್ಣಗ ಮಾಡ್ಯಾನ. ಪಾಪ, ಮುಂಬೈಲಿಂದ ಬಂದಾನ." ನೂರು ಕಂಪ್ಯೂಟರಿನ ವಿಷಯವನ್ನು ನಾನು ನಿನಗೆ ಬಿಡಿಸಿ ಹೇಳಿದಾಗ ನೀನು ತುಸು ಯೋಚಿಸಿ, "ನೂರು ಮಂದಿ ಕೂಡಿ ರೊಟ್ಟಿ ಬಡದ್ರೂ ಹಂಚು ಒಂದ ಇದ್ರ ಏನ ಉಪಯೋಗ?" ಎಂದೆ. ಅದನ್ನು ಸರ್‌ಗೆ ಹೇಳಿದೆ. ಅವರು ನಕ್ಕು, "ಮಾವಶಿ ಒಂದು ಗಂಟೆಯ ಭಾಷಣ ಒಂದು ಸಾಲಿನಲ್ಲಿ ಮುಗಿಸಿದಳಲ್ಲ" ಎಂದರು. ಆ ಸಲ ಅದು ನಿನ್ನ ಮಾತು ಎಂದು ಹೇಳಲು ನನಗೆ ಏನೂ ಅಳುಕು ಅನ್ನಿಸಲಿಲ್ಲ. ಅದರಲ್ಲಿ ಕಳೆದುಕೊಳ್ಳುವಂಥದ್ದೇನೂ ಇರಲಿಲ್ಲವಲ್ಲ, ಅದಕ್ಕೇ ಇರಬೇಕು.

ಏಳನೆಯ ಕಪ್ ಒಡೆದ ಮಧ್ಯಾಹ್ನ ನೀನು ಪೊರಕೆ ಹಿಡಿದು ನನ್ನ ಮೇಜಿನ ಬಳಿ ಬಂದೆ. ನನ್ನ ಸಂಶೋಧನೆಯ ಕೈ, ಎರಡೇ ಬೆರಳಿನ ಕಬ್ಬಿಣದ ಕೈ, ಕಪ್ ಎತ್ತುವುದನ್ನು ಕಲಿತಿತ್ತು. ಇಡುವುದನ್ನು ಕಲಿತಿರಲಿಲ್ಲ. ಮೇಜು ಎಷ್ಟು ಎತ್ತರದಲ್ಲಿದೆ ಎಂದು ನಾನು ಕಂಪ್ಯೂಟರಿಗೆ ಹೇಳಿಡುತ್ತಿದ್ದೆ. ಲೆಕ್ಕ ಒಂದೆರಡು ಬೆರಳಷ್ಟು ಮೇಲಾದರೆ ಕಪ್ ಅಲ್ಲಿಂದಲೇ ಬೀಳುತ್ತಿತ್ತು, ಕೆಳಗಾದರೆ ಕೈ ಅದನ್ನು ಮೇಜಿಗೆ ಒತ್ತಿ ಒಡೆಯುತ್ತಿತ್ತು. ಹಿಡಿ ಮುರಿದ ಹಳೆಯ ಕಪ್‌ಗಳನ್ನು ನನಗಾಗಿ ಎತ್ತಿಡುತ್ತಿದ್ದವಳು ನೀನೇ.

"ನಿನ್ನ ಈ ಕೈಗೆ ಸೊಕ್ಕು ಭಾಳ ಅದ ನೋಡವಾ," ಎಂದೆ ನೀನು, ಚೂರು ಗುಡಿಸುತ್ತ. "ಹಿಡಿಯೂದು ಛಂದ ಹಿಡೀತದ. ಇಡೂ ಮುಂದ ಒಗದ ಬಿಡ್ತದ."

"ಟೇಬಲ್ ಎಲ್ಲದ ಅಂತ ನಾ ಹೇಳೇನಿ ಚಿಗವ್ವಾ. ಚೂರು ಹೆಚ್ಚುಕಮ್ಮಿ ಆದ್ರ ಹಿಂಗ ಆಗ್ತದ."

"ನೀ ಯಾಕ ಹೇಳಬೇಕು? ಅದಕ್ಕ ಮುಟ್ಟಿದ್ರ ತಿಳಿಯೂದಿಲ್ಲೇನು?"

"ಮುಟ್ಟೂದರಾಗ ಒಡದ ಹೋಗಿರ್ತದಲ್ಲ."

"ಕಪ್ಪಿನಿಂದ ಮುಟ್ಟಿದ್ರ ಒಡೀತದ. ಬೆರಳಿನಿಂದ ಮುಟ್ಟಬೇಕು, ಹುಚ್ಚಿ."

ಪೊರಕೆಯನ್ನು ಗೋಡೆಗೆ ಒರಗಿಸಿ, ಒಂದು ಕಪ್-ಬಸಿ ತೆಗೆದುಕೊಂಡು, ಕಣ್ಣು ಮುಚ್ಚಿ ಮೇಜಿನ ಮೇಲೆ ಇಟ್ಟು ತೋರಿಸಿದೆ. ಸದ್ದಿಲ್ಲ. ಮತ್ತೊಮ್ಮೆ ನಿಧಾನವಾಗಿ ಇಟ್ಟಾಗ ನನಗೆ ಕಂಡಿತು. ಬಸಿ ಹಿಡಿದ ಬೆರಳುಗಳ ಕೆಳಗೆ ನಿನ್ನ ಕಿರುಬೆರಳು ಒಂದೇ ಇಳಿಬಿದ್ದಿತ್ತು. ಮೇಜನ್ನು ಮೊದಲು ಮುಟ್ಟುತ್ತಿದ್ದುದು ಅದು. ಮುಟ್ಟಿ, ಬಾಗಿ, ಬಸಿಯನ್ನು ಮೆಲ್ಲಗೆ ಇಳಿಸಿ ತಾನು ಹೊರಗೆ ಸರಿಯುತ್ತಿತ್ತು. "ಟೇಬಲ್ ಬಂತು ಅಂತ ಕಿರಿಬೆರಳು ಹೇಳ್ತದ. ಅದು ಹೇಳಿದ ಮ್ಯಾಲೆ ಉಳದಾವು ಬಿಡ್ತಾವ. ನಿನ್ನ ಯಂತ್ರಕ್ಕ ಹೇಳಾಕಿ ಯಾರೂ ಇಲ್ಲ, ಅದಕ್ಕ ಹಿಂಗಾಗ್ಯದ." ಅಂಥ ಬೆರಳನ್ನು ಯಾವುದರಿಂದ ಮಾಡಲಿ ಎಂದು ನಾನು ಡ್ರಾಯರ್ ಕೆದಕುತ್ತಿರುವಾಗ ನೀನು ತುರುಬಿನಿಂದ ಒಂದು ಪಿನ್ ಎಳೆದುಕೊಟ್ಟೆ. "ತಗೋ, ನನ್ನ ತಲಿಯಾಗ ಇನ್ನೂ ನಾಕ ಅದಾವ." ಕೆಟ್ಟುಹೋದ ಮೌಸಿನ ಒಳಗಿನ ಚಿಕ್ಕ ಗುಂಡಿಗೆ ಆ ಪಿನ್ ಜೋಡಿಸಿ, ಅದರ ತುದಿ ಕಪ್ಪಿನ ತಳಕ್ಕಿಂತ ತುಸು ಕೆಳಗಿರುವಂತೆ ಕೂರಿಸಿದೆ. ಪಿನ್ ಬಾಗಿ ಗುಂಡಿ ಒತ್ತಿದರೆ ಮೇಜು ಬಂತು ಎಂದರ್ಥ. ಎರಡು ವಾರದಲ್ಲಿ ನನ್ನ ಕೈ ಕಪ್ ಒಡೆಯುವುದನ್ನು ಬಿಟ್ಟಿತು.

ನನ್ನ ಸರದಿಯ ಗುರುವಾರ ಬಂದಾಗ ನೀನು ಇಸ್ತ್ರಿ ಮಾಡಿದ ಹಸಿರು ಸೀರೆ ಉಟ್ಟು ಬಂದಿದ್ದೆ. ಸರ್ ನನಗೆ ಮೊದಲೇ ಹೇಳಿದ್ದರು: ಈ ಮಾತು ಚೆನ್ನಾಗಿ ಆದರೆ ನಿನ್ನ ಕೆಲಸ ಮುಂದುವರಿಯುತ್ತದೆ, ಇಲ್ಲದಿದ್ದರೆ ಬೇರೆ ವಿಷಯ ನೋಡೋಣ. ಬೇರೆ ಊರಿನಿಂದ ಒಬ್ಬ ಹಿರಿಯ ಪ್ರೊಫೆಸರ್ ಬಂದು ಮೊದಲ ಸಾಲಿನಲ್ಲಿ ಕೂತಿದ್ದರು. ಕೊನೆಯ ಹತ್ತು ನಿಮಿಷ ಯಂತ್ರದ ಕೈ ಎಲ್ಲರೆದುರು ಕಪ್ ಎತ್ತಿ ಇಡಬೇಕಿತ್ತು. ಖಾಲಿ ಕಪ್. ನಾನು ತಿಂಗಳುಗಟ್ಟಲೆ ಖಾಲಿ ಕಪ್ಪಿನಲ್ಲೇ ಪ್ರಯೋಗ ಮಾಡಿದ್ದೆ, ಭಾರದ ಲೆಕ್ಕವೆಲ್ಲ ಖಾಲಿ ಕಪ್ಪಿನದೇ. ಕತ್ತಲಲ್ಲಿ ಹಾಳೆ ಬದಲಿಸುತ್ತ, ಮಾತನಾಡುತ್ತ, ಯಂತ್ರದ ಹತ್ತಿರ ಬಂದು ನೋಡುತ್ತೇನೆ, ದೀಪದ ಪೆಟ್ಟಿಗೆಯ ಬೆಳಕಿನಲ್ಲಿ ಹಬೆ ಏಳುತ್ತಿದೆ. ನೀನು ಎಲ್ಲರಿಗೂ ಚಹಾ ಇಡುತ್ತ ಬಂದು ಯಂತ್ರದ ಮುಂದಿನ ಕಪ್ಪಿಗೂ ಕಂಠಮಟ್ಟ ಚಹಾ ಹಾಕಿ ಹೋಗಿದ್ದೆ.

ಆ ಹಬೆ ನೋಡಿದ ಗಳಿಗೆಯಲ್ಲಿ ನಿನ್ನ ಮೇಲೆ ನನಗೆ ಎಷ್ಟು ಸಿಟ್ಟು ಬಂತೆಂದು ಈಗ ಹೇಳಿಬಿಡುತ್ತೇನೆ. ಕಪ್ ಬದಲಿಸಲು ಸಮಯವಿರಲಿಲ್ಲ. ಎಲ್ಲರೂ ಕತ್ತು ಚಾಚಿ ನೋಡುತ್ತಿದ್ದರು. ಗುಂಡಿ ಒತ್ತಿದೆ. ಕೈ ಕಪ್ ಎತ್ತಿತು. ಭಾರಕ್ಕೆ ತುಸು ಜೋಲಿತು, ಎರಡು ಹನಿ ತುಳುಕಿತು. ನಾನು ಹೇಳಿಟ್ಟ ಎತ್ತರದ ಲೆಕ್ಕವೆಲ್ಲ ಅಲ್ಲೇ ತಪ್ಪಿತು. ಆದರೆ ಪಿನ್ ಮೇಜನ್ನು ಮುಟ್ಟಿತು, ಕೈ ನಿಂತಿತು, ಮೆಲ್ಲಗೆ ಇಳಿಯಿತು, ಬಿಟ್ಟಿತು. ಸದ್ದೇ ಆಗದ್ದರಿಂದ ಕಪ್ ಇಟ್ಟದ್ದು ಕೆಲವರಿಗೆ ಗೊತ್ತೇ ಆಗಲಿಲ್ಲ. ದೀಪ ಹಾಕಿದಾಗ ಚಹಾ ಮೇಜಿನ ಮೇಲಿತ್ತು, ಕೈ ಪಕ್ಕಕ್ಕೆ ಸರಿದು ನಿಂತಿತ್ತು. ಆಮೇಲೆ ಚಪ್ಪಾಳೆ.

ಆ ಹಿರಿಯ ಪ್ರೊಫೆಸರ್ ಎದ್ದು ಇಂಗ್ಲಿಷಿನಲ್ಲಿ ಎರಡು ಪ್ರಶ್ನೆ ಕೇಳಿದರು. ಆ ಚಿಕ್ಕ ಬೆರಳಿನ ಯೋಚನೆ ಎಲ್ಲಿಂದ ಬಂತು? "ಮನುಷ್ಯರು ವಸ್ತುಗಳನ್ನು ಇಡುವ ರೀತಿಯನ್ನು ಗಮನಿಸಿ" ಎಂದೆ. ಸುಳ್ಳಲ್ಲ, ಅಲ್ಲವೇ? ಎರಡನೆಯದು: ತುಂಬಿದ ಕಪ್, ಅದೂ ಬಿಸಿ ಚಹಾ, ಎಲ್ಲರೆದುರು! ನಿಮ್ಮ ಇಡೀ ಮಾತಿನಲ್ಲಿ ಅತ್ಯಂತ ದಿಟ್ಟ ಪ್ರಯೋಗ ಅದೇ. ಅದನ್ನು ತೋರಿಸದಿದ್ದರೆ ನಾನು ನಂಬುತ್ತಿರಲಿಲ್ಲ. ಅದು ಯಾರ ಯೋಚನೆ? ನಾನು ಹೇಳಿದೆ, "ಭಾರ ಬದಲಾದರೂ ಕೆಲಸ ಮಾಡುತ್ತದೆ ಎಂದು ತೋರಿಸಬೇಕೆಂದು ನಾವು ಅಂದುಕೊಂಡೆವು."

ನಾವು ಎಂದೆ. ಆ ನಾವು ಎಂಬುದರಲ್ಲಿ ನೀನಿದ್ದೆಯಾ ಚಿಗವ್ವಾ? ನೀನು ಬಾಗಿಲ ಬಳಿ ಟ್ರೇ ಹಿಡಿದು ನಿಂತಿದ್ದೆ, ನಾನು ಆ ಕಡೆ ನೋಡಲಿಲ್ಲ. ಹೇಳಿದ್ದರೆ ನಗುತ್ತಿದ್ದರು, ನನ್ನ ಕೆಲಸ ಹಗುರಾಗುತ್ತಿತ್ತು ಎಂದು ಬಹಳ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಗುತ್ತಿದ್ದರೇ? ಹಂಚಿನ ಮಾತಿಗೆ ಸರ್ ನಕ್ಕಿದ್ದು ಮೆಚ್ಚಿ ಅಲ್ಲವೇ…

ಎಲ್ಲರೂ ಹೋದ ಮೇಲೆ ನೀನು ನನ್ನ ಹತ್ತಿರ ಬಂದ ರೀತಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಟ್ರೇಯನ್ನು ಎದೆಗೆ ಅವಚಿಕೊಂಡಿದ್ದೆ.

"ಆ ದೊಡ್ಡವರು ಕಪ್ ಅಂದ್ರು, ಟೀ ಅಂದ್ರು. ನನ್ನ ಬೈದ್ರೇನವಾ?"

"ಇಲ್ಲ ಚಿಗವ್ವಾ. ಯಾರೂ ಬೈಲಿಲ್ಲ."

"ಮಂದಿ ಮುಂದ ಖಾಲಿ ಕಪ್ ಹೆಂಗ ಇಡೂದು ಅನಿಸ್ತು. ಅದೂ ನಿನ್ನ ಯಂತ್ರದ ಮುಂದ, ಇಷ್ಟ ದಿನ ಒದ್ದಾಡಿ ಕಲ್ತದ, ಅದಕ್ಕೊಂದ ಚಹಾ ಬ್ಯಾಡೇನು ಅಂತ ಹಾಕಿದೆ. ನಿನ್ನ ಮಾರಿ ನೋಡಿದ ಮ್ಯಾಲೆ ತಿಳೀತು, ತಪ್ಪಾತು. ಇನ್ನೊಮ್ಮೆ ಹಂಗ ಮಾಡೂದಿಲ್ಲ."

ಆಗ ನಾನು ಹೇಳಿದ್ದೇನು ಗೊತ್ತೇ? "ಇರಲಿ ಬಿಡು ಚಿಗವ್ವಾ." ನಾನು ನಿನ್ನನ್ನು ಕ್ಷಮಿಸಿದೆ! ನೀನು ನಿರಾಳವಾಗಿ ನಕ್ಕು, "ಇವತ್ತ ಇಪ್ಪತ್ತೆರಡು ಕಪ್ ತಣ್ಣಗಾಗ್ಯಾವ, ಗೊತ್ತದೇನು? ನಾ ನೋಡಿದ್ದರಾಗ ಯಾರೂ ಇಷ್ಟ ಮಾಡಿಲ್ಲ" ಎಂದು ಅವನ್ನು ತೊಳೆಯಲು ಹೋದೆ.

ನಿವೃತ್ತಿಯ ನಂತರ ನೀನು ಪುಣೆ ಹತ್ತಿರದ ಶಿರೂರಿನಲ್ಲಿ ಮಗಳು ರುಕ್ಮಿಣಿಯ ಮನೆಗೆ ಹೋದೆ. ಅಲ್ಲಿಗೆ ನಾನು ಒಂದೇ ಒಂದು ಸಲ ಬಂದದ್ದು, ನನ್ನ ಲೇಖನ ಅಚ್ಚಾದಾಗ. ಅದರ ಕೊನೆಯಲ್ಲಿ ಸರ್‌ಗೆ, ವಿಭಾಗಕ್ಕೆ, ವರ್ಕ್‌ಶಾಪಿನವರಿಗೆಲ್ಲ ಕೃತಜ್ಞತೆ ಹೇಳಿದ್ದೆ. ನೀನು ಪುಟ ತಿರುವಿ ಯಂತ್ರದ ಕೈಯ ಫೋಟೋ ನೋಡಿದೆ. "ಏ, ಇದು ನನ್ನ ನೀಲಿ ಅಂಚಿನ ಕಪ್! ಕಪ್ಪಿಂದು ಫೋಟೋ ಹಾಕೀರಿ, ಚಹಾ ಮಾಡಿದಾಕಿದು ಹಾಕಿಲ್ಲ!" ಎಂದು ಬಾಯಿಗೆ ಸೆರಗು ಹಿಡಿದು ನಕ್ಕೆ. ನಾನೂ ನಕ್ಕೆ. ಆಮೇಲೆ ನೀನು ರುಕ್ಮಿಣಿಯನ್ನು ಕರೆದು ಹೇಳಿದೆ, "ಇಕಿ ಯಂತ್ರದ ಕಪ್ಪಿನಾಗ ಚಹಾ ಹಾಕಿ ಕೆಲಸ ಕೆಡಿಸಾಕಿದ್ದೆ ನಾ. ಆದ್ರೂ ಒಂದ ಮಾತು ಅನಲಿಲ್ಲ ನೋಡು ಇಕಿ. ಭಾಳ ದೊಡ್ಡ ಮನಸು." ರುಕ್ಮಿಣಿ ನನ್ನನ್ನು ಗೌರವದಿಂದ ನೋಡಿದಳು. ನನ್ನ ಕೈಯಲ್ಲಿ ನೀನು ಕೊಟ್ಟ ಚಹಾ ಇತ್ತು. ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ಇನ್ನೊಂದು ಬರುವುದಿಲ್ಲ ಎಂದು ಗೊತ್ತಿತ್ತು. ಪುಣೆಯ ಶಿವಾಜಿನಗರದ ಬಸ್ಸಿಗೆ ಹೊತ್ತಾಯಿತು ಎಂದು ಎದ್ದುಬಿಟ್ಟೆ.

ಹೋದ ಚಳಿಗಾಲದಲ್ಲಿ ರುಕ್ಮಿಣಿ ಫೋನ್ ಮಾಡಿದಾಗ ನೀನು ಹೋಗಿ ಎರಡು ವಾರವಾಗಿತ್ತು. ನನ್ನ ನಂಬರು ಸಿಕ್ಕಿರಲಿಲ್ಲವಂತೆ. ಕೊನೆಗೆ ನಿನ್ನ ಪೆಟ್ಟಿಗೆಯಲ್ಲಿ ಆ ಲೇಖನದ ಹಿಂದೆ ನಾನು ಬರೆದುಕೊಟ್ಟಿದ್ದು ಸಿಕ್ಕಿತಂತೆ. ಅದನ್ನು ನೀನು ಇಟ್ಟುಕೊಂಡಿದ್ದೆಯಾ? ಓದಲು ಬಾರದ ಆ ಹನ್ನೆರಡು ಪುಟವನ್ನು, ನಿನ್ನ ಹೆಸರೇ ಇಲ್ಲದ್ದನ್ನು…

ಈಗ ಕಳೆದ ಗುರುವಾರದ ಸುದ್ದಿ ಹೇಳುತ್ತೇನೆ, ಕೇಳು. ಈಗ ಗುರುವಾರದ ಮಾತುಗಳನ್ನು ನಡೆಸುವವಳು ನಾನು. ಹೊಸ ಪ್ರೊಜೆಕ್ಟರಿಗೆ ಕತ್ತಲೆ ಬೇಡ, ಚಹಾ ಹೊರಗೆ ಕಾಗದದ ಲೋಟದಲ್ಲಿ ಕೊಡುತ್ತಾರೆ. ಅಂದು ಮಾತನಾಡುವ ಸರದಿ ನನ್ನದಾಗಿತ್ತು. ಬೀರುವಿನಿಂದ ನಿನ್ನ ಕಪ್-ಬಸಿಗಳನ್ನು ತೆಗೆಸಿ ನಾನೇ ತೊಳೆದೆ. ಹಳೆಯ ಕೈಯನ್ನೂ ತಂದು ಇಟ್ಟೆ. ನಿನ್ನ ತುರುಬಿನ ಪಿನ್ ಇನ್ನೂ ಅದರಲ್ಲೇ ಇದೆ, ತುಸು ತುಕ್ಕು ಹಿಡಿದಿದೆ. ಪರದೆ ಎಳೆಸಿದೆ. ನೀಲಿ ಅಂಚಿನ ಕಪ್ಪಿಗೆ ನಾನೇ ಕಂಠಮಟ್ಟ ಚಹಾ ಹಾಕಿದೆ. ಕತ್ತಲಲ್ಲಿ ಉಳಿದವರಿಗೂ ಚಹಾ ಇಡಲು ಹೋಗಿ ಹತ್ತು ಸಲ ಕಿಣಿಕಿಣಿ ಮಾಡಿದೆ, ನೀನಿದ್ದರೆ ನಗುತ್ತಿದ್ದೆ. ಯಂತ್ರ ಮಾತ್ರ ಸದ್ದು ಮಾಡದೆ ಕಪ್ ಇಟ್ಟಿತು.

ಪ್ರಶ್ನೆಗಳ ಹೊತ್ತಿಗೆ ನಾನು ಕಾದೆ. ಆ ಬೆರಳು ಎಲ್ಲಿಂದ ಬಂತೆಂದು ಯಾರಾದರೂ ಕೇಳಲಿ ಎಂದು ಕಾದೆ. ಯಾರೂ ಕೇಳಲಿಲ್ಲ. ನಮ್ಮ ಲ್ಯಾಬಿನ ಎಲ್ಲ ಕೈಗಳಲ್ಲೂ ಈಗ ಅಂಥ ಬೆರಳಿದೆ, ಅದು ಮೊದಲಿನಿಂದ ಇದ್ದದ್ದೇ ಎಂದು ಮಕ್ಕಳು ತಿಳಿದಿದ್ದಾರೆ. ಸುಮ್ಮನೆ ಮುಗಿಸಿಬಿಡುವುದು ಎಷ್ಟು ಸುಲಭವಿತ್ತು! ಮತ್ತೆ ಯಂತ್ರದ ಪಕ್ಕಕ್ಕೆ ಹೋಗಿ ನಿಂತೆ ಚಿಗವ್ವಾ. "ಇದೇ ಕೋಣೆಯಲ್ಲಿ ಬಹಳ ಹಿಂದೆ ನನಗೆ ಎರಡು ಪ್ರಶ್ನೆ ಕೇಳಿದ್ದರು," ಎಂದೆ. "ಎರಡಕ್ಕೂ ನಾನು ಸರಿಯಾದ ಉತ್ತರ ಕೊಡಲಿಲ್ಲ. ಈಗ ಕೊಡುತ್ತೇನೆ." ನಿನ್ನ ಹೆಸರು ಹೇಳಿದೆ: ಶಾಂತವ್ವ. ಪೊರಕೆ, ಪಿನ್, ಕಣ್ಣು ಮುಚ್ಚಿ ಇಟ್ಟ ಕಪ್, ಕಂಠಮಟ್ಟ ಚಹಾ, ಎಲ್ಲ ಹೇಳಿದೆ. ಟೇಬಲ್ ಬಂತು ಅಂತ ಕಿರಿಬೆರಳು ಹೇಳ್ತದ ಎನ್ನುವುದನ್ನು ಮೊದಲು ನೀನು ಹೇಳಿದ ಹಾಗೆಯೇ ಹೇಳಿ, ಆಮೇಲೆ ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ ಬಿಡಿಸಿದೆ. ನೀನು ತಪ್ಪಾಯಿತು ಎಂದದ್ದನ್ನೂ, ನಾನು ಇರಲಿ ಬಿಡು ಎಂದದ್ದನ್ನೂ ಬಿಡಲಿಲ್ಲ. ಮೊದಲ ಸಾಲಿನಲ್ಲಿ ಸರ್ ಕೂತಿದ್ದರು, ಈಗ ಕೋಲು ಹಿಡಿದು ಬರುತ್ತಾರೆ. "ಆ ಚಹಾ ನಿನ್ನ ಧೈರ್ಯ ಅಂದುಕೊಂಡಿದ್ದೆ ನಾನು. ಅದನ್ನು ನೋಡಿಯೇ ನಿನ್ನನ್ನು ಮುಂದುವರಿಸಿದ್ದು" ಎಂದರು. ಸಿಟ್ಟೋ ಬೇಸರವೋ ನನಗೆ ತಿಳಿಯಲಿಲ್ಲ. ಏನೇ ಆಗಿದ್ದರೂ ನನಗೆ ಸಲ್ಲಬೇಕಾದದ್ದೇ.

ನೀನಿಲ್ಲದಾಗ ಹೇಳುವುದು ಸುಲಭ ಎಂದು ಯಾರಾದರೂ ಅಂದರೆ ಅದು ನಿಜವೇ. ಈ ಭಾನುವಾರ ಶಿವಾಜಿನಗರದಿಂದ ಶಿರೂರಿನ ಮೊದಲ ಬಸ್ಸು ಹಿಡಿಯುತ್ತೇನೆ. ನನಗೆ ದೊಡ್ಡ ಮನಸ್ಸಿದೆ ಎಂದು ನಂಬಿರುವ ರುಕ್ಮಿಣಿಗೆ, ಆ ದೊಡ್ಡ ಪ್ರೊಫೆಸರ್ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳುತ್ತೇನೆ; ಆ ಅತ್ಯಂತ ದಿಟ್ಟ ಪ್ರಯೋಗ ಮಾಡಿದ್ದು ನಿನ್ನ ಅವ್ವ ಎಂದೂ ಹೇಳುತ್ತೇನೆ. ನೀನು ಕೆಡಿಸಲಿಲ್ಲ ಚಿಗವ್ವಾ. ನೀನು ಹಾಕಿದ ಚಹಾದಿಂದಲೇ ನಾನು ಉಳಿದೆ.

ಕಳೆದ ಗುರುವಾರ ಎಲ್ಲರೂ ಹೋದ ಮೇಲೆ ದೀಪ ಹಾಕಿ, ನಿನ್ನ ಪದ್ಧತಿಯಂತೆ ಕಪ್‌ಗಳನ್ನು ಎರಡು ಗುಂಪು ಮಾಡಲು ಕೂತೆ. ನಾನು ಯಂತ್ರದ ಬಗ್ಗೆ ಮಾತನಾಡುವಾಗ ಹಲವರು ಗುಟುಕು ಗುಟುಕಾಗಿ ಕುಡಿಯುತ್ತಿದ್ದುದನ್ನು ನೋಡಿದ್ದೆ. ಆಮೇಲೆ ನಿನ್ನ ಮಾತು ಬಂತು. ಒಂದೊಂದೇ ಕಪ್ ಎತ್ತಿ ನೋಡಿದೆ. ಎರಡನೆಯ ಗುಂಪು ಮಾಡಬೇಕಾಗಲೇ ಇಲ್ಲ ಚಿಗವ್ವಾ, ಎಲ್ಲವೂ ಅರ್ಧಕ್ಕೇ ನಿಂತು ತಣ್ಣಗಾಗಿದ್ದವು.

ನಿನ್ನ ಹುಚ್ಚಿ